ಎರಡೇ ಷೇರು ಕೊಂಡು ಷೇರುಪೇಟೆ ಕಲಿಯುವ ಬಗೆ

ಷೇರುಪೇಟೆ ಕಲಿಯಲು ಹೊರಟವರಲ್ಲಿ ಎರಡು ಬಗೆ. ಕೆಲವರು ಆರು ತಿಂಗಳು ವೀಡಿಯೊ ನೋಡುತ್ತಾ ದಡದಲ್ಲೇ ಕೂರುತ್ತಾರೆ. ಇನ್ನು ಕೆಲವರು ಮೊದಲ ವಾರವೇ ಅರ್ಧ ಸಂಬಳ ಸುರಿದು ಮಡುವಿಗೆ ಹಾರುತ್ತಾರೆ. ನಾನು ಎರಡನೆಯ ಗುಂಪಿನವನು. ಅದರ ದಂಡವನ್ನೂ ಕಟ್ಟಿದ್ದೇನೆ. ಈಗ ಯಾರಾದರೂ ಕೇಳಿದರೆ ನಾನು ಹೇಳುವ ದಾರಿ ಬೇರೆ. ಒಂದೇ ಕಂಪನಿಯ ಎರಡು ಷೇರು ಕೊಳ್ಳಿ. ಒಂದನ್ನು ಕೆಲವು ವಾರಗಳಲ್ಲಿ ಮಾರಿ, ಇನ್ನೊಂದನ್ನು ಒಂದು ವರ್ಷ ದಾಟುವವರೆಗೆ ಇಟ್ಟುಕೊಳ್ಳಿ. ಅವು ಯಾರ ಕೈಯಿಂದ ಬಂದವು, ಎಲ್ಲಿ ಕುಳಿತಿವೆ, ದಾರಿಯುದ್ದಕ್ಕೂ ಯಾರು ಎಷ್ಟು ಸುಂಕ ಕಿತ್ತುಕೊಂಡರು ಎಂದು ಪತ್ತೇದಾರನಂತೆ ಬೆನ್ನು ಹತ್ತಿ. ಲಾಭದ ಆಸೆ ಈ ಎರಡು ಷೇರಿನ ಮಟ್ಟಿಗೆ ಬೇಡ. ಇದು ಪಾಠದ ಖರ್ಚು.

ಕಂಪನಿ ಯಾವುದಾದರೂ ಆಗಬಹುದು. ಐವತ್ತು ದೊಡ್ಡ ಕಂಪನಿಗಳ ನಿಫ್ಟಿ 50 ಸೂಚ್ಯಂಕದಲ್ಲಿರುವ, ನೀವು ಹೆಸರು ಕೇಳಿರುವ, ಷೇರಿಗೆ ಐನೂರರಿಂದ ಸಾವಿರ ರೂಪಾಯಿ ಆಸುಪಾಸಿನ ಒಂದನ್ನು ಆರಿಸಿಕೊಂಡರೆ ಸಾಕು.

ಮೊದಲು ಖಾತೆ

ಬ್ಯಾಂಕ್ ಖಾತೆ ನಿಮ್ಮಲ್ಲಿ ಇದ್ದೇ ಇರುತ್ತದೆ. ಇನ್ನೆರಡು ಬೇಕು: ಕೊಳ್ಳುವ ಮಾರುವ ಆದೇಶ ಕೊಡಲು ಟ್ರೇಡಿಂಗ್ ಖಾತೆ, ಷೇರು ಇಡಲು ಡಿಮ್ಯಾಟ್ ಖಾತೆ. ಪ್ಯಾನ್, ಆಧಾರ್ ಮತ್ತು ಬ್ಯಾಂಕ್ ವಿವರ ಕೊಟ್ಟರೆ ಬ್ರೋಕರ್ (ಪೇಟೆಯಲ್ಲಿ ನಿಮ್ಮ ಪರವಾಗಿ ವ್ಯವಹರಿಸುವ ದಲ್ಲಾಳಿ) ಎರಡನ್ನೂ ಒಟ್ಟಿಗೆ ತೆರೆದುಕೊಡುತ್ತಾರೆ. ಹಾಗಾಗಿಯೇ ಬಹಳ ಮಂದಿ ತಮ್ಮ ಷೇರು ಬ್ರೋಕರ್ ಬಳಿ ಇದೆ ಎಂದು ತಿಳಿದಿದ್ದಾರೆ. ಅದು ತಪ್ಪು. ಬ್ರೋಕರ್ ಬಾಗಿಲು ಮಾತ್ರ. ಷೇರು ಇರುವುದು ಡಿಪಾಸಿಟರಿ ಎಂಬ ಉಗ್ರಾಣದಲ್ಲಿ. ಭಾರತದಲ್ಲಿ ಅಂಥವು ಎರಡಿವೆ: 1996ರಲ್ಲಿ ಶುರುವಾದ ಎನ್‌ಎಸ್‌ಡಿಎಲ್, 1999ರಲ್ಲಿ ಬಂದ ಸಿಡಿಎಸ್‌ಎಲ್. ನಿಮ್ಮ ಡಿಮ್ಯಾಟ್ ಸಂಖ್ಯೆ 'ಐಎನ್' ಅಕ್ಷರಗಳಿಂದ ಶುರುವಾದರೆ ಅದು ಎನ್‌ಎಸ್‌ಡಿಎಲ್; ಹದಿನಾರೂ ಅಂಕಿಗಳೇ ಆಗಿದ್ದರೆ ಸಿಡಿಎಸ್‌ಎಲ್.

ಖಾತೆ ತೆರೆದ ದಿನವೇ ಡಿಪಾಸಿಟರಿಯ ಸ್ವಂತ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಿ. ಸಿಡಿಎಸ್‌ಎಲ್‌ನಲ್ಲಿ ಈ ಸೌಲಭ್ಯಕ್ಕೆ 'ಈಸಿ' ಎಂದೂ ಎನ್‌ಎಸ್‌ಡಿಎಲ್‌ನಲ್ಲಿ 'ಐಡಿಯಾಸ್' ಎಂದೂ ಹೆಸರು. ಬ್ರೋಕರ್ ಆ್ಯಪ್ ತೋರಿಸುವ ಲೆಕ್ಕವನ್ನು ಅಲ್ಲಿಯ ಲೆಕ್ಕಕ್ಕೆ ಹೋಲಿಸಿ ನೋಡುವ ಅಭ್ಯಾಸ ಮೊದಲ ದಿನದಿಂದಲೇ ಬರಲಿ. ಗಿರಾಕಿಗಳ ಷೇರನ್ನು ತಮ್ಮ ಸಾಲಕ್ಕೆ ಒತ್ತೆಯಿಟ್ಟ ಬ್ರೋಕರ್‌ಗಳೂ ಈ ದೇಶದಲ್ಲಿ ಆಗಿಹೋಗಿದ್ದಾರೆ.

ಅರ್ಜಿ ತುಂಬುವಾಗ ಮೂರು ಮಾತು ನೆನಪಿರಲಿ. ನಾಮಿನಿ ಹೆಸರು ಕೊಡಿ. ಸಣ್ಣ ಹೂಡಿಕೆದಾರರಿಗಾಗಿ 'ಬೇಸಿಕ್ ಸರ್ವೀಸಸ್' ಡಿಮ್ಯಾಟ್ ಖಾತೆ ಇದೆಯೇ ಎಂದು ಕೇಳಿ. ಅದರಲ್ಲಿ 4 ಲಕ್ಷ ರೂಪಾಯಿವರೆಗಿನ ಹಿಡುವಳಿಗೆ ವಾರ್ಷಿಕ ನಿರ್ವಹಣಾ ಶುಲ್ಕವಿಲ್ಲ. ಫ್ಯೂಚರ್ಸ್ ಮತ್ತು ಆಪ್ಷನ್ಸ್, ಅಂದರೆ ಮುಂದಿನ ಬೆಲೆಯ ಮೇಲೆ ಪಣ ಕಟ್ಟುವಂಥ ಒಪ್ಪಂದಗಳು, ಬೇಕೇ ಎಂಬ ಚೌಕಕ್ಕೆ ಗುರುತು ಹಾಕಬೇಡಿ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಒಂದು ವಾರ ಸುಮ್ಮನೆ ನೋಡುವುದು

ಇದೇ ನಿಜವಾದ ಪಾಠ. ಖಾತೆಗೆ ಹಣ ಹಾಕಿದರೂ ಒಂದು ವಾರ ಏನನ್ನೂ ಕೊಳ್ಳಬೇಡಿ. ಆ್ಯಪ್‌ನಲ್ಲಿ ನಿಮ್ಮ ಕಂಪನಿಯ ಹೆಸರು ಒತ್ತಿದರೆ 'ಮಾರ್ಕೆಟ್ ಡೆಪ್ತ್' ಎಂಬ ಪುಟ್ಟ ಪಟ್ಟಿ ತೆರೆದುಕೊಳ್ಳುತ್ತದೆ. ಎಡಗಡೆ ಕೊಳ್ಳುವವರ ಸಾಲು, ಬಲಗಡೆ ಮಾರುವವರ ಸಾಲು. ಅದು ಹೀಗಿರಬಹುದು: 612.40 ರೂಪಾಯಿಗೆ 35 ಷೇರು ಕೊಳ್ಳಲು ಯಾರೋ ಸಿದ್ಧ, 612.25ಕ್ಕೆ 120 ಷೇರು ಕೊಳ್ಳಲು ಇನ್ಯಾರೋ. ಎದುರು ಸಾಲಿನಲ್ಲಿ 612.70ಕ್ಕೆ 18, 612.90ಕ್ಕೆ 60, 613ಕ್ಕೆ 410 ಷೇರು ಮಾರಾಟಕ್ಕಿವೆ. ಕೊಳ್ಳುವವರ ಅತಿ ಹೆಚ್ಚಿನ ಬೆಲೆ ಮತ್ತು ಮಾರುವವರ ಅತಿ ಕಡಿಮೆ ಬೆಲೆಯ ನಡುವೆ ಮೂವತ್ತು ಪೈಸೆಯ ಕಂದಕ. ಯಾರಾದರೊಬ್ಬರು ಆ ಕಂದಕ ದಾಟಿ ಬಂದ ಕ್ಷಣವೇ ವ್ಯಾಪಾರ ಕುದುರುತ್ತದೆ. ಪರದೆಯ ಮೇಲೆ ದಪ್ಪ ಅಕ್ಷರದಲ್ಲಿ ಕಾಣುವ 'ಬೆಲೆ' ಹಾಗೆ ಕುದುರಿದ ಕೊನೆಯ ವ್ಯಾಪಾರದ ಬೆಲೆ, ಅಷ್ಟೆ.

ಅಡಿಕೆ ಮಂಡಿ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಆದರೆ ಒಂದು ವ್ಯತ್ಯಾಸವಿದೆ. ಮಂಡಿಯ ಟೆಂಡರಿನಲ್ಲಿ ಕೊಳ್ಳುವವರು ಮಾತ್ರ ಬೆಲೆ ಬರೆಯುತ್ತಾರೆ. ಇಲ್ಲಿ ಮಾರುವವರೂ ಬರೆಯುತ್ತಾರೆ, ಅದೂ ಇಡೀ ದಿನ, ಕ್ಷಣಕ್ಷಣಕ್ಕೂ ತಿದ್ದುತ್ತಾ. ಒಳ್ಳೆಯ ಬೆಲೆ ಕೊಟ್ಟವರಿಗೆ ಮೊದಲ ಸರದಿ, ಒಂದೇ ಬೆಲೆ ಕೊಟ್ಟವರಲ್ಲಿ ಮೊದಲು ಬಂದವರಿಗೆ ಮೊದಲ ಸರದಿ. ನೀವು ಎರಡು ಷೇರಿನ ಗಿರಾಕಿಯೋ ಎರಡು ಲಕ್ಷ ಷೇರಿನ ಮ್ಯೂಚುವಲ್ ಫಂಡೋ ಎಂದು ಕಂಪ್ಯೂಟರ್ ನೋಡುವುದಿಲ್ಲ. ಮುಂಬೈಯಲ್ಲಿ 1875ರಷ್ಟು ಹಿಂದೆ ಹುಟ್ಟಿದ ಷೇರು ವಿನಿಮಯ ಕೇಂದ್ರ ಬಿಎಸ್‌ಇಯಲ್ಲಿ ದಲ್ಲಾಳಿಗಳು ಅಂಗಳದಲ್ಲಿ ಕೂಗಿ ವ್ಯಾಪಾರ ಮಾಡುತ್ತಿದ್ದರು. 1994ರಲ್ಲಿ ಇನ್ನೊಂದು ವಿನಿಮಯ ಕೇಂದ್ರವಾದ ಎನ್‌ಎಸ್‌ಇ ಪರದೆಯ ಮೇಲಿನ ವ್ಯಾಪಾರ ತಂದಿತು, ಮರುವರ್ಷ ಬಿಎಸ್‌ಇ ಕೂಡ ಪರದೆಗೆ ಬಂತು. ಬೆಂಗಳೂರಿನಲ್ಲೂ 1963ರಿಂದ ಒಂದು ಷೇರು ವಿನಿಮಯ ಕೇಂದ್ರವಿತ್ತು ಎಂಬುದು ಈಗ ಎಷ್ಟೋ ಜನರಿಗೆ ಮರೆತೇಹೋಗಿದೆ. ಪರದೆ ಎಲ್ಲ ಊರುಗಳಿಗೂ ತಲುಪಿದ ಮೇಲೆ ಅದಕ್ಕೆ ಕೆಲಸವೇ ಉಳಿಯಲಿಲ್ಲ. 2014ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ಒಪ್ಪಿಗೆ ಪಡೆದು ಬಾಗಿಲು ಮುಚ್ಚಿತು.

ಇನ್ನೊಂದು ಕೆಲಸ ಮಾಡಿ. ಯಾರೂ ಹೆಸರು ಕೇಳದ ಒಂದು ಸಣ್ಣ ಕಂಪನಿಯ ಪಟ್ಟಿಯನ್ನೂ ತೆರೆದು ನೋಡಿ. ಕೊಳ್ಳಬೇಡಿ, ನೋಡಿ. ಕೊನೆಯ ಬೆಲೆ 62 ಎಂದಿರುತ್ತದೆ. ಆದರೆ ಮಾರುವವರ ಸಾಲಿನಲ್ಲಿ 62ಕ್ಕೆ ಇರುವುದು 10 ಷೇರು, 64.50ಕ್ಕೆ 20, ಆಮೇಲೆ 68ಕ್ಕೆ 200. ಒಬ್ಬ ಅವಸರಗಾರ ಬೆಲೆ ನಮೂದಿಸದೆ 100 ಷೇರಿಗೆ 'ಮಾರ್ಕೆಟ್ ಆರ್ಡರ್' ಕೊಟ್ಟ ಎಂದುಕೊಳ್ಳಿ. ಅವನಿಗೆ ಮೊದಲ ಹತ್ತು 62ಕ್ಕೆ, ಮುಂದಿನ ಇಪ್ಪತ್ತು 64.50ಕ್ಕೆ, ಉಳಿದ ಎಪ್ಪತ್ತು 68ಕ್ಕೆ ಸಿಗುತ್ತವೆ. ಒಟ್ಟು 6,670 ರೂಪಾಯಿ, ಸರಾಸರಿ 66.70. ಅವನು 62 ರೂಪಾಯಿಯ ಷೇರು ಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದ. ಈಗ ಪರದೆ 68 ತೋರಿಸುತ್ತದೆ, ಸುಮಾರು ಶೇ 10ರಷ್ಟು ಏರಿಕೆ. ಅದನ್ನು ಕಂಡು ಇನ್ನೊಬ್ಬ 'ಈ ಷೇರು ಓಡುತ್ತಿದೆ' ಎಂದು ಜಿಗಿಯುತ್ತಾನೆ. ಕಂಪನಿಯಲ್ಲಿ ಏನೂ ಆಗಿಲ್ಲ. ಅಲ್ಲಿನ ಕಾವಲುಗಾರನಿಗೂ ಈ ಏರಿಕೆಯ ಸುದ್ದಿ ಗೊತ್ತಿಲ್ಲ.

ಪತ್ರಿಕೆಗಳಲ್ಲಿ 'ಹೂಡಿಕೆದಾರರ ಸಂಪತ್ತು ಕರಗಿತು' ಎಂಬ ಶೀರ್ಷಿಕೆ ಬಂದಾಗಲೂ ಈ ಪಟ್ಟಿಯನ್ನು ನೆನಪಿಸಿಕೊಳ್ಳಿ. ಒಂದು ಕೋಟಿ ಷೇರುಗಳ ಕಂಪನಿ, ಬೆಲೆ 612. ಮಾರುಕಟ್ಟೆ ಮೌಲ್ಯ 612 ಕೋಟಿ. ಆ ದಿನ ಕೊನೆಗೆ ಐನೂರು ಷೇರು 602ಕ್ಕೆ ಮಾರಾಟವಾದವು. ಕೈ ಬದಲಿಸಿದ್ದು ಮೂರು ಲಕ್ಷ ರೂಪಾಯಿ ಚಿಲ್ಲರೆ. ಆದರೆ ಆ ಬೆಲೆಯಿಂದ ಎಲ್ಲ ಷೇರುಗಳನ್ನೂ ಗುಣಿಸುವುದರಿಂದ 'ಕರಗಿದ್ದು' ಹತ್ತು ಕೋಟಿ! ಆ ಹತ್ತು ಕೋಟಿ ಯಾರ ಜೇಬಿಗೂ ಹೋಗಿಲ್ಲ, ಯಾರ ಜೇಬಿನಿಂದಲೂ ಬಂದಿಲ್ಲ.

ಕೊಳ್ಳುವ ದಿನ

ಪೇಟೆ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ 9.15ರಿಂದ ಮಧ್ಯಾಹ್ನ 3.30ರವರೆಗೆ. ಅದಕ್ಕೂ ಮೊದಲು 9ರಿಂದ ಕಾಲು ಗಂಟೆ, ರಾತ್ರಿಯ ಸುದ್ದಿಗಳನ್ನೆಲ್ಲ ಅರಗಿಸಿಕೊಂಡು ಒಂದು ಆರಂಭಿಕ ಬೆಲೆ ಕಂಡುಕೊಳ್ಳುವ ಹೊತ್ತು. 9.15ಕ್ಕೆ ಸರಿಯಾಗಿ ನುಗ್ಗುವವರಲ್ಲಿ ಹೆಚ್ಚಿನವರು ಭಯಕ್ಕೋ ಆಸೆಗೋ ನುಗ್ಗುತ್ತಾರೆ. ನನ್ನ ಮೊಟ್ಟಮೊದಲ ಖರೀದಿ ಆ ಹೊತ್ತಿನ ಮಾರ್ಕೆಟ್ ಆರ್ಡರ್ ಆಗಿತ್ತು. ಹತ್ತು ಗಂಟೆಗೆ ಅದೇ ಷೇರು ಶೇ 3ರಷ್ಟು ಅಗ್ಗವಾಗಿ ಸಿಗುತ್ತಿತ್ತು. ನೀವು ಕಾಫಿ ಕುಡಿದು ಹನ್ನೊಂದರ ಮೇಲೆ ಬನ್ನಿ.

ಆದೇಶ ಕೊಡುವ ಪರದೆಯಲ್ಲಿ ಎರಡು ಆಯ್ಕೆಗಳ ಮೇಲೆ ಕಣ್ಣಿರಲಿ. 'ಡೆಲಿವರಿ' ಎಂದಿರಬೇಕು, 'ಇಂಟ್ರಾಡೇ' ಎಂದಿದ್ದರೆ ಅದೇ ಮಧ್ಯಾಹ್ನ ಬ್ರೋಕರ್ ವ್ಯವಸ್ಥೆ ನಿಮ್ಮನ್ನು ಕೇಳದೆಯೇ ಷೇರನ್ನು ಮಾರಿಬಿಡುತ್ತದೆ. ಬೆಲೆಯ ಕಡೆ 'ಲಿಮಿಟ್' ಆರಿಸಿ, ನೀವು ಒಪ್ಪುವ ಗರಿಷ್ಠ ಬೆಲೆ ಬರೆಯಿರಿ. 612.50 ಎಂದು ಬರೆದರೆ ನೀವೂ ಆ ಎಡಗಡೆಯ ಸಾಲಿನಲ್ಲಿ ನಿಂತಂತೆ. ಎರಡು ನಿಮಿಷವೋ ಎರಡು ಗಂಟೆಯೋ ಕಾಯಿರಿ. ಯಾರೋ ಒಬ್ಬರು, ಬಹುಶಃ ಮಗಳ ಫೀಸು ಕಟ್ಟಬೇಕಾದವರು, ಬಹುಶಃ ಈ ಕಂಪನಿಯ ಕತೆ ಮುಗಿಯಿತೆಂದು ನಂಬಿದವರು, ನಿಮ್ಮ ಬೆಲೆಗೆ ಒಪ್ಪುತ್ತಾರೆ. ಅವರು ಯಾರೆಂದು ನಿಮಗೆ ಎಂದೂ ತಿಳಿಯುವುದಿಲ್ಲ. ಆದರೆ ನೀವು 'ಏರುತ್ತದೆ' ಎಂದುಕೊಂಡ ಅದೇ ಕ್ಷಣದಲ್ಲಿ ಅವರು 'ಸಾಕು' ಎಂದುಕೊಂಡಿದ್ದಾರೆ. ಕೊಳ್ಳುವ ಮುನ್ನ, ಎದುರಿನವರಿಗೆ ಗೊತ್ತಿದ್ದು ನನಗೆ ಗೊತ್ತಿಲ್ಲದ್ದು ಏನಿರಬಹುದು ಎಂದು ಒಂದು ನಿಮಿಷ ಯೋಚಿಸಿದರೆ ಎಷ್ಟೋ ಖರೀದಿಗಳು ತಾವಾಗಿಯೇ ನಿಂತುಹೋಗುತ್ತವೆ.

ನೀವು ಕೊಟ್ಟ ಹಣ ಕಂಪನಿಗೆ ಹೋಗಿಲ್ಲ ಎಂಬುದನ್ನೂ ಗಮನಿಸಿ. ಇನ್ಫೊಸಿಸ್ 1993ರ ಫೆಬ್ರುವರಿಯಲ್ಲಿ ಷೇರಿಗೆ 95 ರೂಪಾಯಿಯಂತೆ ಜನರಿಗೆ ಷೇರು ಮಾರಿದಾಗ ಆ 95 ಕಂಪನಿಯ ಬೊಕ್ಕಸ ಸೇರಿತು. ಕೇಳುವವರು ಸಾಲದೆ ಆ ಮಾರಾಟ ಆಗ ಪೂರ್ತಿ ತುಂಬಿರಲಿಲ್ಲ ಎಂಬುದು ಬೇರೆ ಮಾತು. ಜೂನ್‌ನಲ್ಲಿ ಪೇಟೆಯಲ್ಲಿ 145ಕ್ಕೆ ವ್ಯಾಪಾರ ಶುರುವಾಯಿತು. ಆ 145 ಹೋದದ್ದು ಷೇರು ಮಾರಿದವನಿಗೆ.

ಸಂಜೆಯ ಚೀಟಿ, ಮರುದಿನದ ಜಮೆ

ಹೊಳೆಗೆ ಸುರಿದರೂ ಅಳೆದು ಸುರಿ ಎಂಬ ಗಾದೆ ಈ ಪೇಟೆಗೆ ಹೇಳಿ ಮಾಡಿಸಿದ್ದು. ಇಪ್ಪತ್ನಾಲ್ಕು ಗಂಟೆಯೊಳಗೆ ನಿಮ್ಮ ಮಿಂಚಂಚೆಗೆ ಕಾಂಟ್ರ್ಯಾಕ್ಟ್ ನೋಟ್ ಬರುತ್ತದೆ. ಇದು ವ್ಯಾಪಾರದ ಕಾನೂನುಬದ್ಧ ದಾಖಲೆ. ಹೆಚ್ಚಿನವರು ಇದನ್ನು ತೆರೆಯುವುದೇ ಇಲ್ಲ. ನೀವು ತೆರೆದು ಸಾಲು ಸಾಲಾಗಿ ಓದಿ. ಡೆಲಿವರಿ ಖರೀದಿಗೆ ಹಲವು ಬ್ರೋಕರ್‌ಗಳು ದಲ್ಲಾಳಿ ಶುಲ್ಕ ಪಡೆಯುವುದಿಲ್ಲ. ಆದರೂ ಷೇರು ವಹಿವಾಟು ತೆರಿಗೆ, ಅಂದರೆ ಎಸ್‌ಟಿಟಿ, ಕೊಂಡಾಗಲೂ ಮಾರಿದಾಗಲೂ ಶೇ 0.1ರಂತೆ ಇದ್ದೇ ಇದೆ; ಹತ್ತು ಸಾವಿರಕ್ಕೆ ಹತ್ತು ರೂಪಾಯಿ. ಕೊಂಡಾಗ ಶೇ 0.015 ಮುದ್ರಾಂಕ ಶುಲ್ಕ, ಹತ್ತು ಸಾವಿರಕ್ಕೆ ಒಂದೂವರೆ ರೂಪಾಯಿ. ವಿನಿಮಯ ಕೇಂದ್ರದ ಶುಲ್ಕ ಮತ್ತು ಸೆಬಿ ಶುಲ್ಕ ಬೇರೆ; ಇವುಗಳ ಮತ್ತು ದಲ್ಲಾಳಿ ಶುಲ್ಕದ ಮೇಲೆ ಜಿಎಸ್‌ಟಿ. ಪ್ರತಿಯೊಂದೂ ಪುಡಿಗಾಸು. ದಿನಕ್ಕೆ ಹತ್ತು ಬಾರಿ ಕೊಂಡು ಮಾರುವವನಿಗೆ ಅದು ಪುಡಿಗಾಸಾಗಿ ಉಳಿಯುವುದಿಲ್ಲ.

ನಿಮ್ಮ ಷೇರು ಡಿಮ್ಯಾಟ್‌ಗೆ ಬರುವುದು ಮರುದಿನ. ಇದನ್ನು ಟಿ+1 ಎನ್ನುತ್ತಾರೆ. 2023ರ ಜನವರಿಯಿಂದ ಎಲ್ಲ ಷೇರುಗಳಿಗೂ ಇದೇ ನಿಯಮ. ನಡುವೆ ರಜೆ ಬಿದ್ದರೆ ಅಷ್ಟು ದಿನ ಮುಂದಕ್ಕೆ. ಆ ಒಂದು ರಾತ್ರಿಯಲ್ಲಿ ನಡೆಯುವ ಕೆಲಸ ಕುತೂಹಲದ್ದು. ಕ್ಲಿಯರಿಂಗ್ ಕಾರ್ಪೊರೇಷನ್ ಎಂಬ ಸಂಸ್ಥೆ ಪ್ರತಿ ವ್ಯಾಪಾರದ ನಡುವೆ ಬಂದು ನಿಲ್ಲುತ್ತದೆ. ಕೊಂಡವನಿಗೆ ಅದೇ ಮಾರುವವ, ಮಾರಿದವನಿಗೆ ಅದೇ ಕೊಳ್ಳುವವ. ಮಾರಿದವನು ಷೇರು ಕೊಡದೆ ಕೈಕೊಟ್ಟರೆ ಅದು ಹರಾಜಿನಲ್ಲಿ ಷೇರು ಕೊಂಡು ನಿಮಗೆ ಕೊಡುತ್ತದೆ, ಸಿಗದಿದ್ದರೆ ಲೆಕ್ಕ ಹಾಕಿ ಹಣ ಕೊಡುತ್ತದೆ. ಕಾಗದದ ಷೇರುಪತ್ರಗಳ ಕಾಲದಲ್ಲಿ ಸಹಿ ಹೊಂದುವುದಿಲ್ಲವೆಂದು ವಾಪಸು ಬಂದ ಪತ್ರಗಳನ್ನು ಹಿಡಿದು ತಿಂಗಳುಗಟ್ಟಲೆ ಅಲೆದವರಿಗೆ ಈ ಒಂದು ರಾತ್ರಿಯ ಬೆಲೆ ಗೊತ್ತು.

ಮರುದಿನ ಸಂಜೆ ಡಿಪಾಸಿಟರಿಯ ಜಾಲತಾಣ ತೆರೆದು ನೋಡಿ. ಎರಡು ಷೇರು ಅಲ್ಲಿರಬೇಕು.

ಅಂಕಗಳ ಭಯ

ಇನ್ನು ಸುದ್ದಿವಾಹಿನಿಗಳು ನಿಮ್ಮನ್ನು ಹೆದರಿಸಲು ಶುರುಮಾಡುತ್ತವೆ. ಸೆನ್ಸೆಕ್ಸ್ ಎಂದರೆ ಬಿಎಸ್‌ಇಯ 30 ಕಂಪನಿಗಳ ಸೂಚ್ಯಂಕ. 1978-79ನೇ ಸಾಲನ್ನು 100 ಎಂದು ಹಿಡಿದು ಲೆಕ್ಕ ಹಾಕುತ್ತಾ ಬಂದದ್ದು. ಎಲ್ಲ ಕಂಪನಿಗಳಿಗೂ ಅದರಲ್ಲಿ ಸಮಪಾಲಿಲ್ಲ; ಪ್ರವರ್ತಕರ, ಅಂದರೆ ಕಂಪನಿಯ ಹಿಡಿತವಿರುವ ಒಡೆಯರ, ಕೈಯಲ್ಲಿರುವುದನ್ನು ಬಿಟ್ಟು ಜನರ ನಡುವೆ ಓಡಾಡುವ ಷೇರುಗಳ ಮೌಲ್ಯ ಎಷ್ಟೋ ಅಷ್ಟು ತೂಕ. ಎಚ್‌ಡಿಎಫ್‌ಸಿ ಬ್ಯಾಂಕ್, ಐಸಿಐಸಿಐ ಬ್ಯಾಂಕ್, ರಿಲಯನ್ಸ್ ಕೆಮ್ಮಿದರೆ ಸೂಚ್ಯಂಕಕ್ಕೆ ಜ್ವರ. ನಿಮ್ಮ ಕಂಪನಿ ಅದೇ ದಿನ ಏರಿರಬಹುದು.

ಅಂಕಗಳನ್ನು ನೋಡಬೇಡಿ, ಶೇಕಡಾವಾರು ನೋಡಿ. 2024ರ ಜೂನ್ 4ರಂದು, ಲೋಕಸಭೆ ಫಲಿತಾಂಶದ ದಿನ, ಸೆನ್ಸೆಕ್ಸ್ ಸುಮಾರು 4,390 ಅಂಕ ಬಿತ್ತು. 2020ರ ಮಾರ್ಚ್ 23ರಂದು, ಕೊರೊನಾ ಭೀತಿಯಲ್ಲಿ, ಬಿದ್ದದ್ದು ಸುಮಾರು 3,935 ಅಂಕ. ಮೊದಲನೆಯದೇ ದೊಡ್ಡದೆಂದು ಕಾಣುತ್ತದೆ. ಆದರೆ ಅದು ಶೇ 5.7ರ ಕುಸಿತ, ಎರಡನೆಯದು ಶೇ 13ರದ್ದು. ಅಂದು ಸೂಚ್ಯಂಕ ಶೇ 10 ಕುಸಿದ ತಕ್ಷಣ ಇಡೀ ಪೇಟೆಯನ್ನೇ 45 ನಿಮಿಷ ನಿಲ್ಲಿಸಬೇಕಾಯಿತು. ಹತ್ತು, ಹದಿನೈದು, ಇಪ್ಪತ್ತು ಶೇಕಡಾ ಎಂಬ ಈ ಮೂರು ಮೆಟ್ಟಿಲುಗಳನ್ನು 'ಸರ್ಕಿಟ್ ಬ್ರೇಕರ್' ಎನ್ನುತ್ತಾರೆ.

ಬಿಡಿ ಷೇರುಗಳಿಗೂ ಸರ್ಕಿಟ್ ಇದೆ: ದಿನಕ್ಕೆ ಶೇ 2, 5, 10 ಅಥವಾ 20ಕ್ಕಿಂತ ಏರುವಂತಿಲ್ಲ, ಇಳಿಯುವಂತಿಲ್ಲ. ಫ್ಯೂಚರ್ಸ್ ಆಪ್ಷನ್ಸ್ ನಡೆಯುವ ದೊಡ್ಡ ಷೇರುಗಳಿಗೆ ಈ ನಿಶ್ಚಿತ ಗೋಡೆ ಇಲ್ಲ. ಸಣ್ಣ ಷೇರುಗಳಲ್ಲಿ ಇದೇ ಬಲೆಯೂ ಆಗುತ್ತದೆ. ದಿನಾ ಶೇ 5 ಏರಿ ಅಪ್ಪರ್ ಸರ್ಕಿಟ್‌ನಲ್ಲಿ ನಿಲ್ಲುವ ಷೇರಿನಲ್ಲಿ ಮಾರುವವರೇ ಇರುವುದಿಲ್ಲ. ಕೆಲವೇ ಕೈಗಳು ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಂಡು ಏಣಿ ಹತ್ತಿಸುತ್ತಿರುತ್ತವೆ. ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ 'ಸಲಹೆ' ಹರಿಯುತ್ತದೆ. ಜನ ಹತ್ತಿದ ಮೇಲೆ ಏಣಿ ತೆಗೆಯುತ್ತಾರೆ. ಇಳಿಯುವಾಗ ಲೋವರ್ ಸರ್ಕಿಟ್; ಎಡಗಡೆಯ ಸಾಲು ಖಾಲಿ, ಬಲಗಡೆ ಲಕ್ಷಗಟ್ಟಲೆ ಷೇರು. ನೀವು ಯಾವ ಬೆಲೆಗೆ ಬೇಕಾದರೂ ಮಾರಲು ಸಿದ್ಧರಿದ್ದೀರಿ, ಆದರೆ ಕೊಳ್ಳುವವರೇ ಇಲ್ಲ. ಸಲಹೆ ಕೊಡುವವರ ನೋಂದಣಿ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ಹುಡುಕಿ ನೋಡಲು ಎರಡು ನಿಮಿಷ ಸಾಕು.

ಫ್ಯೂಚರ್ಸ್ ಆಪ್ಷನ್ಸ್ ಬೇಡವೆಂದದ್ದಕ್ಕೆ ಕಾರಣ ಒಂದೇ ಸಾಲಿನದು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಅದರಲ್ಲಿ ತೊಡಗಿದ ಬಿಡಿ ವ್ಯಕ್ತಿಗಳಲ್ಲಿ ಶೇ 93 ಮಂದಿ ನಷ್ಟ ಅನುಭವಿಸಿದರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ಮೀರಿತ್ತು ಎಂದು ಸೆಬಿಯೇ ಲೆಕ್ಕ ಹಾಕಿ ಹೇಳಿದೆ.

ಒಂದನ್ನು ಮಾರುವುದು

ನಾಲ್ಕೈದು ವಾರ ಕಳೆದ ಮೇಲೆ ಒಂದು ಷೇರು ಮಾರಿ. ಲಾಭವೋ ನಷ್ಟವೋ ಲೆಕ್ಕಕ್ಕಿಲ್ಲ. ಮಾರುವಾಗ ಸಾಮಾನ್ಯವಾಗಿ ಡಿಪಾಸಿಟರಿಯ ಟಿಪಿನ್ ಎಂಬ ಗುಟ್ಟಿನ ಸಂಖ್ಯೆ ಮತ್ತು ಮೊಬೈಲಿಗೆ ಬರುವ ಒಟಿಪಿ ಕೇಳಲಾಗುತ್ತದೆ. ಉಗ್ರಾಣದ ಬೀಗ ತೆಗೆಯುವ ಕೀಲಿ ನಿಮ್ಮ ಕೈಯಲ್ಲೇ ಇದೆ ಎಂದರ್ಥ. ಅದನ್ನು ಯಾರಿಗೂ ಹೇಳಬೇಡಿ.

ಈಗ ಕಾಂಟ್ರ್ಯಾಕ್ಟ್ ನೋಟ್‌ನಲ್ಲಿ ಕಾಣದ ಒಂದು ಖರ್ಚು ನಿಮ್ಮ ಬ್ರೋಕರ್ ಲೆಡ್ಜರ್‌ನಲ್ಲಿ ಕಾಣಿಸುತ್ತದೆ: ಉಗ್ರಾಣದಿಂದ ಷೇರು ಹೊರತೆಗೆದದ್ದಕ್ಕೆ ಡಿಪಿ ಶುಲ್ಕ. ಒಂದು ದಿನ ಒಂದು ಕಂಪನಿಯ ಎಷ್ಟೇ ಷೇರು ಮಾರಿದರೂ ಒಂದೇ ಮೊತ್ತ, ಸಾಮಾನ್ಯವಾಗಿ ಹದಿನೈದು ಇಪ್ಪತ್ತು ರೂಪಾಯಿ. ಸಾವಿರ ಷೇರು ಮಾರುವವನಿಗೆ ಅದು ಲೆಕ್ಕಕ್ಕಿಲ್ಲ. ನಿಮ್ಮ ಒಂದು ಷೇರಿನಲ್ಲಿ ಹತ್ತು ರೂಪಾಯಿ ಲಾಭ ಬಂದಿದ್ದರೆ ಕೋಳಿಗಿಂತ ಮಸಾಲೆಯೇ ಹೆಚ್ಚಾಯಿತು.

ಮೇಲೆ ತೆರಿಗೆ. 2024ರ ಜುಲೈ 23ರಿಂದ, ಹನ್ನೆರಡು ತಿಂಗಳೊಳಗೆ ಮಾರಿದರೆ ಲಾಭದ ಮೇಲೆ ಶೇ 20. ಅದಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ, ವರ್ಷಕ್ಕೆ 1.25 ಲಕ್ಷ ರೂಪಾಯಿ ಮೀರಿದ ಲಾಭದ ಮೇಲೆ ಮಾತ್ರ ಶೇ 12.5. ಎಸ್‌ಟಿಟಿಯನ್ನು ಲಾಭದಿಂದ ಕಳೆಯಲು ಅವಕಾಶವಿಲ್ಲ. ನಷ್ಟವಾಗಿದ್ದರೆ, ರಿಟರ್ನ್ಸ್ ಅನ್ನು ಗಡುವಿನೊಳಗೆ ಸಲ್ಲಿಸಿದವರು ಅದನ್ನು ಎಂಟು ವರ್ಷ ಮುಂದಕ್ಕೆ ಒಯ್ದು ಮುಂದಿನ ಲಾಭಕ್ಕೆ ಹೊಂದಿಸಿಕೊಳ್ಳಬಹುದು. ಸಲ್ಲಿಸದವರು ಹಣದ ಜೊತೆ ಈ ಹಕ್ಕನ್ನೂ ಕಳೆದುಕೊಳ್ಳುತ್ತಾರೆ.

ಮಾರಿದ ಹಣವನ್ನು ಬ್ಯಾಂಕಿಗೆ ಎಳೆದುಕೊಳ್ಳಿ. ಹಾಕುವುದನ್ನು ಎಲ್ಲರೂ ಕಲಿಸುತ್ತಾರೆ, ತೆಗೆಯುವುದನ್ನು ಯಾರೂ ಕಲಿಸುವುದಿಲ್ಲ. ನಕಲಿ ಟ್ರೇಡಿಂಗ್ ಆ್ಯಪ್‌ಗಳ ಬಣ್ಣ ಬಯಲಾಗುವುದೂ ಇಲ್ಲೇ: ಅವುಗಳಲ್ಲಿ ಲಾಭ ಕಾಣುತ್ತದೆ, ಹಣ ಮಾತ್ರ ಹೊರಬರುವುದಿಲ್ಲ. ಹಾಗೆ ಮೋಸಹೋದವರು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ನೋಂದಾಯಿತ ಬ್ರೋಕರ್ ಮೇಲಿನ ದೂರಿಗೆ ಸೆಬಿಯ 'ಸ್ಕೋರ್ಸ್' ತಾಣವಿದೆ.

ಉಳಿದ ಒಂದು

ಆ ಇನ್ನೊಂದು ಷೇರಿನಿಂದ ಕಲಿಯುವುದು ನಿಧಾನದ ಪಾಠ. ಕಂಪನಿ ಪ್ರತಿ ಮೂರು ತಿಂಗಳು ಮುಗಿದ 45 ದಿನಗಳೊಳಗೆ, ಆರ್ಥಿಕ ವರ್ಷದ ಕೊನೆಯ ಮೂರು ತಿಂಗಳಿಗಾದರೆ 60 ದಿನಗಳೊಳಗೆ, ಫಲಿತಾಂಶ ಪ್ರಕಟಿಸಬೇಕು. ವಿನಿಮಯ ಕೇಂದ್ರದ ಜಾಲತಾಣದಲ್ಲಿ ಅದು ಪುಕ್ಕಟೆ ಸಿಗುತ್ತದೆ. ಅಲ್ಲೇ ಷೇರುದಾರರ ಪಟ್ಟಿಯೂ ಇರುತ್ತದೆ. ಪ್ರವರ್ತಕರ ಪಾಲು ಎಷ್ಟು, ಅದರಲ್ಲಿ ಎಷ್ಟನ್ನು ಸಾಲಕ್ಕೆ ಒತ್ತೆಯಿಟ್ಟಿದ್ದಾರೆ ಎಂದು ನೋಡಿ. ಲಾಭದ ಅಂಕಿಯ ಪಕ್ಕದಲ್ಲಿ ವ್ಯವಹಾರದಿಂದ ನಿಜಕ್ಕೂ ಬಂದ ನಗದು ಎಷ್ಟು ಎಂದು ನೋಡಿ. ವರ್ಷಗಟ್ಟಲೆ ಲಾಭವಿದ್ದೂ ನಗದಿಲ್ಲದಿದ್ದರೆ ಏನೋ ಎಡವಟ್ಟಿದೆ. ಹಾಗೆಂದು ಲೆಕ್ಕಪತ್ರದಲ್ಲಿರುವ ನಗದನ್ನು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. 2009ರ ಜನವರಿ 7ರಂದು ಸತ್ಯಂ ಕಂಪನಿಯ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರದಲ್ಲಿ, ಪುಸ್ತಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ಇಲ್ಲವೇ ಇಲ್ಲ ಎಂದಿತ್ತು.

ಲಾಭಾಂಶ ಘೋಷಣೆಯಾದರೆ ಎಕ್ಸ್-ಡೇಟ್ ಗುರುತಿಟ್ಟುಕೊಳ್ಳಿ; ಅಂದಿನಿಂದ ಕೊಂಡವರಿಗೆ ಆ ಲಾಭಾಂಶ ಸಿಗುವುದಿಲ್ಲ. ಆ ದಿನ ಬೆಲೆ ಹೆಚ್ಚುಕಡಿಮೆ ಲಾಭಾಂಶದಷ್ಟೇ ಇಳಿದು ತೆರೆಯುವುದನ್ನು ಕಣ್ಣಾರೆ ನೋಡಿದರೆ, ಹಿಂದಿನ ದಿನ ಕೊಂಡು ಪುಕ್ಕಟೆ ದುಡ್ಡು ಹೊಡೆಯುವ ಉಪಾಯ ಹೇಳುವವರ ಮಾತು ಮತ್ತೆಂದೂ ಕಿವಿಗೆ ಬೀಳುವುದಿಲ್ಲ. ಒಂದಕ್ಕೊಂದು ಬೋನಸ್ ಕೊಟ್ಟರೆ ನಿಮ್ಮ ಒಂದು ಷೇರು ಎರಡಾಗುತ್ತದೆ, ಬೆಲೆ ಅರ್ಧವಾಗುತ್ತದೆ. ರೊಟ್ಟಿ ಅದೇ, ತುಂಡು ಹೆಚ್ಚು. ಎಂಆರ್‌ಎಫ್ ಷೇರು 2023ರಲ್ಲಿ ಒಂದು ಲಕ್ಷ ರೂಪಾಯಿ ದಾಟಿದ್ದು ಆ ಕಂಪನಿ ರೊಟ್ಟಿಯನ್ನು ಹೆಚ್ಚು ತುಂಡು ಮಾಡದೆ ಇದ್ದುದರಿಂದ. ಅದರ ಒಟ್ಟು ಷೇರುಗಳೇ ಸುಮಾರು 42 ಲಕ್ಷ. ನೂರು ರೂಪಾಯಿಯ ಷೇರು ಅಗ್ಗ, ಲಕ್ಷದ ಷೇರು ದುಬಾರಿ ಎನ್ನಲು ಬೆಲೆ ಒಂದೇ ಸಾಲದು.

ಆರ್ಥಿಕ ವರ್ಷ ಮುಗಿದ ಆರು ತಿಂಗಳೊಳಗೆ ಕಂಪನಿ ವಾರ್ಷಿಕ ಸಭೆ ಕರೆಯುತ್ತದೆ. ನಿಮ್ಮ ಮಿಂಚಂಚೆಗೆ ನೋಟಿಸ್ ಮತ್ತು ವಾರ್ಷಿಕ ವರದಿ ಬರುತ್ತವೆ. ನಿರ್ದೇಶಕರ ಮರುನೇಮಕ, ಅವರ ಸಂಬಳ, ಲೆಕ್ಕಪರಿಶೋಧಕರ ನೇಮಕದಂಥ ನಿರ್ಣಯಗಳು ಮತಕ್ಕೆ ಬರುತ್ತವೆ. ಡಿಪಾಸಿಟರಿಯ ಜಾಲತಾಣದಲ್ಲೇ ಇ-ಮತದಾನ ಮಾಡಬಹುದು. ಮೊದಲ ವಾರ ಅಲ್ಲಿ ನೋಂದಾಯಿಸಿಕೊಂಡದ್ದು ಈಗ ಉಪಯೋಗಕ್ಕೆ ಬರುತ್ತದೆ. ನಿರ್ಣಯಗಳನ್ನು ಓದಿ, ಅಧ್ಯಕ್ಷರ ಸಂಬಳದ ಸಾಲಿನಲ್ಲಿ ಸ್ವಲ್ಪ ಹೊತ್ತು ನಿಂತು, ನಿಮ್ಮ ಒಂದು ಮತ ಹಾಕಿ.